ಶಿಫಾರಸಿನ ಖಾನೆಯಲ್ಲಿ ಒಂದು ಗೀಟು

ಬಿಸಿಲು ಬೀಳುವ ಮೊದಲೇ ಗೋಡೆಯ ಕೆಲಸ ಮುಗಿಯಬೇಕು. ನಗರಸಭೆ ಕಟ್ಟಡದ ಈ ಗೋಡೆ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಸೂರ್ಯ ಎದುರಿನ ಔಷಧಿ ಅಂಗಡಿಯ ತಾರಸಿ ದಾಟಿದನೆಂದರೆ ಎಣ್ಣೆಬಣ್ಣ ಬ್ರಷ್ಷಿನ ತುದಿಯಲ್ಲೇ ಗಟ್ಟಿಯಾಗಿ ಅಕ್ಷರಗಳ ಬಾಲ ಎಳೆದಾಡುತ್ತದೆ. ಅದಕ್ಕೇ ಬೀದಿದೀಪ ಆರುವ ಹೊತ್ತಿಗೆ, ಗೋಡೆ ಬರೆಯುವ ಬಣ್ಣದಕ್ಕ ಇಲ್ಲಿ ಹಾಜರು. ಮೈಮೇಲೆ ಗಂಡನ ಹಳೆಯ ಅಂಗಿ. ಅದರ ಮೂಲ ಬಣ್ಣ ಯಾವುದೆಂದು ಈಗ ಗಂಡನಿಗೂ ನೆನಪಿಲ್ಲ.

ನೀಲಿಪುಡಿ ತಿಕ್ಕಿದ ದಾರದ ಒಂದು ತುದಿ ಅವರ ಕೈಯಲ್ಲಿದೆ, ಇನ್ನೊಂದು ತುದಿ ಗಂಡನ ಕೈಯಲ್ಲಿ. ಬಿಗಿಯಾಗಿ ಎಳೆದು, ನಡುವೆ ಹಿಡಿದೆತ್ತಿ ಬಿಟ್ಟರೆ ಟಪ್ಪೆಂದು ಬಿಳಿ ಗೋಡೆಯ ಮೇಲೊಂದು ನೀಲಿ ಗೆರೆ.

"ನಿಮ್ಮ ಕಡೆ ಇಳೀತು ನೋಡ್ರೀ."

"ನನ್ನ ಕಡೆ ಇಳಿದಿಲ್ಲ. ಗೋಡೇನೇ ಸೊಟ್ಟ. ಕಟ್ಟಿದ ಕಂಟ್ರಾಕ್ಟರು ಯಾರು, ಯಾರ ಕಡೆಯೋನು ಅಂತ ಅದನ್ನೂ ಬರೆದುಬಿಡು, ಪುಣ್ಯ ಬರುತ್ತೆ."

ಬಣ್ಣದಕ್ಕ ನಗುವುದಿಲ್ಲ. ದಾರ ಕೈಯಲ್ಲಿರುವಾಗ ಅವರು ಯಾವ ಜೋಕಿಗೂ ನಗುವವರಲ್ಲ. ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, "ಇನ್ನೊಂದು ಸಲ" ಎನ್ನುತ್ತಾರೆ.

ಗೋಡೆ ಬರೆಯುವುದು ಮೊದಲು ಗಂಡನ ಕಸುಬು. ಅವರು ಬರೆಯುತ್ತಿದ್ದರು, ಈಕೆ ಡಬ್ಬಿಯಲ್ಲಿ ಬಣ್ಣ ಕಲಸಿ ಮೇಲಕ್ಕೆ ಕೊಡುತ್ತಿದ್ದರು. ಒಂದು ದಿನ ಚಿತ್ರಮಂದಿರದ ಗೋಡೆಯಲ್ಲಿ ಏಣಿ ಜಾರಿತು. ಬಲಭುಜದ ಮೂಳೆ ಕೂಡಿತು, ಆದರೆ ಕೈ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅರ್ಧ ಬರೆದ ಗೋಡೆ, ಮುಂಗಡ ಕೊಟ್ಟವರ ಕಾಟ, ತೊಟ್ಟಿಲಲ್ಲಿ ಮಗಳು. ಮರುವಾರ ಅದೇ ಏಣಿ ಹತ್ತಿ, ಗಂಡ ಕೆಳಗಿನಿಂದ ಹೇಳಿದಂತೆ, ಉಳಿದರ್ಧ ಬರೆದು ಮುಗಿಸಿದವರು ಈಕೆ. "ಹೆಂಗಸು ಏಣಿ ಹತ್ತೋದಾ ಅಂತ ಕೇಳಿದ್ರು. ನಾನೆಲ್ಲಿ ಹತ್ತಿದೆ, ಹೊಟ್ಟೆ ಹತ್ತಿಸ್ತು ಅಂದೆ" ಎನ್ನುತ್ತಾರೆ. ಶಾಲೆಯಲ್ಲಿ ಕಲಿತದ್ದು ಕೂಡಿಸಿ ಓದುವಷ್ಟು. ಅಕ್ಷರದ ಅಂದ ಕಲಿತದ್ದು ಗೋಡೆಯ ಮೇಲೆಯೇ.

ಅಂಗಡಿ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಬದಿ, ಯಾವುದನ್ನೂ ಬಿಟ್ಟಿಲ್ಲ. ಆದರೆ ಮನೆಯ ಒಲೆ ನಿಜವಾಗಿ ಉರಿದದ್ದು ಚುನಾವಣೆಯಿಂದ. ಈ ಊರಿನ ಶಾಸಕರನ್ನು ಚಿಕ್ಕವರು ದೊಡ್ಡವರೆಲ್ಲ 'ಮಾವ' ಎನ್ನುತ್ತಾರೆ. ಕೆಲಸ ಬೇಕೇ, ಮನೆ ಬೇಕೇ, ಮಾವನ ಬಾಗಿಲಿಗೆ ಹೋಗಿ ನಿಂತರೆ ಆಯಿತು. ಮಾವ ಫೋನು ಎತ್ತಿ ಒಂದು ಮಾತು ಹೇಳುತ್ತಾರೆ. ಆ ಮಾವನ ಹೆಸರನ್ನು ಚುನಾವಣೆ ಚುನಾವಣೆಗೂ ಕೆಂಪಕ್ಷರದಲ್ಲಿ, ಬೆನ್ನಿಗೆ ಕಪ್ಪು ನೆರಳು ಕೊಟ್ಟು, ಊರತುಂಬ ಬರೆದ ಕೈ ಬಣ್ಣದಕ್ಕನದು.

ಅವರ ಬಾಗಿಲಲ್ಲಿ ಬಣ್ಣದಕ್ಕನೂ ಒಮ್ಮೆ ನಿಂತವರೇ. ಮಗಳು ಓದು ಮುಗಿಸಿ ಮನೆಯಲ್ಲಿ ಕೂತಿದ್ದಳು. ಮಾವನ ಒಂದು ಮಾತಿಗೆ ನೀರು ಸರಬರಾಜು ಕಚೇರಿಯಲ್ಲಿ ತಾತ್ಕಾಲಿಕ ಗುಮಾಸ್ತೆಯ ಕುರ್ಚಿ ಸಿಕ್ಕಿತು. "ಸುಳ್ಳು ಹೇಳಿ ಏನಾಗಬೇಕು? ಕೈಮುಗಿದು ಕೇಳಿದ್ದೆ. ಆ ಕುರ್ಚಿಗೆ ಇನ್ಯಾರ ಮಗಳು ಕಾದಿದ್ಲೋ, ಅವತ್ತು ಅದು ತಲೇಗೆ ಬರಲಿಲ್ಲ" ಎನ್ನುತ್ತಾರೆ.

ಆಮೇಲೆ ರಾಜ್ಯದಲ್ಲಿ ಹೊಸ ಕಾನೂನು ಬಂತು. ಸರ್ಕಾರಿ ಮನೆ ಸಿಕ್ಕವರು, ಪರೀಕ್ಷೆಯಿಲ್ಲದೆ ಕೆಲಸಕ್ಕೆ ಸೇರಿದವರು, ಎಲ್ಲರ ಹೆಸರನ್ನೂ ಜನ ಓದುವಂತೆ ಗೋಡೆಯ ಮೇಲೆ ಬರೆಸಬೇಕು. ಹೆಸರಿನ ಮುಂದೆ ಇನ್ನೊಂದು ಖಾನೆ ಇರಬೇಕು: ಶಿಫಾರಸು ಮಾಡಿದವರು ಯಾರು? ಯಾರೂ ಮಾಡಿಲ್ಲದಿದ್ದರೆ ಅಲ್ಲೊಂದು ಅಡ್ಡಗೀಟು. ಶಿಫಾರಸಿನಿಂದ ಸೇರಿದವರ ಹೆಸರು ಗೋಡೆಗೆ ಬಂದಮೇಲೆ ಆ ಹುದ್ದೆಗೆ ಪರೀಕ್ಷೆ ನಡೆಯಬೇಕು. ಕುರ್ಚಿಯಲ್ಲಿ ಕೂತವರೂ ಎಲ್ಲರ ಜೊತೆ ಪರೀಕ್ಷೆ ಬರೆಯಬೇಕು. ಪಾಸಾದವರ ಹೊಸ ಪಟ್ಟಿಯೂ ಗೋಡೆಗೆ ಬರಬೇಕು. ಇದನ್ನೆಲ್ಲ ಬರೆಯಲು ನಗರಸಭೆಗೆ ಒಂದು ಕೈ ಬೇಕಿತ್ತು. ಊರಲ್ಲಿ ನೇರವಾಗಿ ಬರೆಯುವ ಕೈ ಇದ್ದದ್ದು ಒಂದೇ.

ಮೊದಲು ಬಂದದ್ದು ಮನೆ ಸಿಕ್ಕವರ ಪಟ್ಟಿ. ಮೊದಲ ಸಾಲಿನಲ್ಲೇ ಬಣ್ಣದಕ್ಕನ ಕೈ ತಪ್ಪಿತು. ಮಾವನ ಹೆಸರು ಬಂದ ಕೂಡಲೇ, ಇಷ್ಟು ವರ್ಷದ ರೂಢಿಯಂತೆ, ಬ್ರಷ್ಷು ತಾನಾಗಿ ಕೆಂಪಿನಲ್ಲಿ ಅದ್ದಿಕೊಂಡು ನೆರಳು ಸಮೇತ ಬರೆದುಬಿಟ್ಟಿತು. ತರಕಾರಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವಳು ನಿಂತು, "ಇದೇನಕ್ಕಾ, ಮತ್ತೆ ಓಟು ಬಂತಾ?" ಎಂದಾಗಲೇ ಈಕೆಗೆ ಎಚ್ಚರ. ಇಡೀ ಸಾಲು ಕೆರೆದು ತೆಗೆದು, ಬಿಳಿ ಬಳಿದು, ಒಣಗಲು ಬಿಟ್ಟು, ಮರುದಿನ ಬೇರೆಲ್ಲ ಹೆಸರಿನಂತೆ ಕಪ್ಪಕ್ಷರದಲ್ಲಿ ಬರೆದರು. ಅಲ್ಲಿಂದಾಚೆಗೆ ಈ ಗೋಡೆಗೆ ಬರುವಾಗ ಕೆಂಪು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

ತಮಾಷೆಯೆಂದರೆ ಮಾವನಿಗೆ ಈ ಗೋಡೆ ಬಹಳ ಹಿಡಿಸಿತ್ತು. ಸರ್ಕಾರದ ಬಣ್ಣದಲ್ಲಿ, ಸರ್ಕಾರದ ಗೋಡೆಯ ಮೇಲೆ, ಪುಕ್ಕಟೆಯಾಗಿ ತಮ್ಮ ಹೆಸರು! "ಸ್ವಲ್ಪ ದಪ್ಪಗೆ ಬರಿಯಮ್ಮ, ದೂರಕ್ಕೂ ಕಾಣಲಿ" ಎಂದು ಕಾರಿನಲ್ಲಿ ಕೂತೇ ಹೇಳಿ ಹೋದರು. ಬಣ್ಣದಕ್ಕ ದಪ್ಪಗೆ ಬರೆಯಲಿಲ್ಲ. ಗೆರೆಯಿಂದ ಗೆರೆಗೆ ನಾಲ್ಕು ಬೆರಳು, ಎಲ್ಲರಿಗೂ ಅಷ್ಟೇ. ಪಟ್ಟಿ ಮುಗಿದಾಗ ನೋಡಿದರೆ ಶಿಫಾರಸಿನ ಖಾನೆಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು. ಮನೆ ಸಿಕ್ಕವರ ಖಾನೆಯಲ್ಲಿ ಮಾವನ ಷಡ್ಡಕ, ಷಡ್ಡಕನ ತಮ್ಮ, ಸೊಸೆಯ ತವರಿನವರು. ಬಸ್ಸಿಗೆ ಕಾಯುವವರು ಗೋಡೆಯ ಮುಂದೆ ನಿಂತು ಓದತೊಡಗಿದರು. "ಮಾವನ ಹೆಸರು ಎಷ್ಟು ಸಲೀಸಾಗಿ ಇಳಿದಿದೆ ನೋಡು, ನಮ್ಮ ಬೀದಿ ನಲ್ಲೀಲಿ ನೀರು ಹೀಗೆ ಇಳಿದಿದ್ರೆ ಸಾಕಿತ್ತು" ಎಂದು ಒಬ್ಬ ಅಂದದ್ದು ಸಂಜೆಯೊಳಗೆ ಊರೆಲ್ಲ ಸುತ್ತಿತು.

ನಕ್ಕವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಮುಂದಿನ ಪಟ್ಟಿ ನೀರು ಸರಬರಾಜು ಕಚೇರಿಯದು. ಅದರ ಹಿಂದಿನ ದಿನ ಮಾವನ ಕಾರು ಓಡಿಸುವವನು ಬಣ್ಣದಕ್ಕನ ಮನೆಗೆ ಬಂದ. ಬಣ್ಣದ ಡಬ್ಬಿಗಳ ನಡುವೆ ಜಾಗ ಮಾಡಿಕೊಂಡು ಕೂತ.

"ಅಕ್ಕಾ, ಈ ಸಲ ಚುನಾವಣೆ ಬಣ್ಣ ಹಾಕಿಬಿಡು" ಅಂದ.

ಚುನಾವಣೆ ಬಣ್ಣವೆಂದರೆ ಸುಣ್ಣದ ನೀರಿಗೆ ಚೂರು ಅಂಟು, ಚೂರು ಪುಡಿ. ಓಟು ಮುಗಿದಮೇಲೆ ಅಳಿಸಲು ಸುಲಭವಾಗಲೆಂದು ಕಸುಬಿನವರು ಕಲಸುವ ಬಣ್ಣ. ಎರಡು ಮಳೆಗೆ ಗೋಡೆ ತೊಳೆದಿಟ್ಟಂತಾಗುತ್ತದೆ.

"ಆರ್ಡರಲ್ಲಿ ಎಣ್ಣೆಬಣ್ಣ ಅಂತಿದೆಯಲ್ಲಪ್ಪ."

"ಆರ್ಡರು ಬರೆದೋರು ಬಂದು ಗೋಡೆ ನೆಕ್ಕಿ ನೋಡ್ತಾರಾ? ಇನ್ನೊಂದು ಮಾತು. ನಿನ್ನ ಮಗಳ ಸಾಲು ಬರುತ್ತಲ್ಲ, ಅದನ್ನ ಬಿಟ್ಟುಬಿಡು. ಒಂದು ಸಾಲು ಬಿಟ್ರೆ ಗೋಡೆ ಬಿದ್ದೋಗುತ್ತಾ? ಹೆಸರು ಇಲ್ಲ ಅಂದ್ರೆ ಪರೀಕ್ಷೆನೂ ಇಲ್ಲ. ಹುಡುಗಿ ನೆಮ್ಮದಿಯಾಗಿ ಕೂತಿರ್ತಾಳೆ. ಮಾವನೇ ಹೇಳಿಕಳಿಸಿದ್ದು."

ಬಣ್ಣದಕ್ಕ ಡಬ್ಬಿಯ ಬಣ್ಣ ಕಲಸುತ್ತಲೇ ಇದ್ದರು. ಹೋಗುವಾಗ ಅವನು ಕೂತಿದ್ದ ಜಾಗ ತೋರಿಸಿ, "ಪ್ಯಾಂಟು ನೋಡಿಕೋ, ಹಸಿ ಬಣ್ಣದ ಮೇಲೆ ಕೂತಿದ್ದೆ. ಅದು ಎಣ್ಣೆಬಣ್ಣ, ಹೋಗಲ್ಲ" ಅಂದರು.

ಅವನು ಹೋದಮೇಲೆ ಗಂಡ ಕೇಳಿದರು, "ಏನು ಮಾಡ್ತೀಯ?"

"ಊರೋರ ಮಕ್ಕಳ ಹೆಸರೆಲ್ಲ ಬೀದಿಗೆ ಹಾಕಿದೀನಿ. ನನ್ನ ಮಗಳದ್ದನ್ನ ಸೆರಗಲ್ಲಿ ಕಟ್ಟಿಕೊಳ್ಳೋಕಾಗುತ್ತಾ?"

ಮರುದಿನ ಬೆಳಗ್ಗೆ ಪಟ್ಟಿಯಲ್ಲಿ ಎಲ್ಲೋ ನಡುವೆ ಇದ್ದ ಮಗಳ ಸಾಲನ್ನೇ ಮೊದಲು ಬರೆದರು. ಆಮೇಲೆ ಮನಸ್ಸು ಬದಲಾಗಬಾರದಲ್ಲ. ಮಗಳ ಹೆಸರು, ಹುದ್ದೆ, ಮುಂದಿನ ಖಾನೆಯಲ್ಲಿ ಮಾವನ ಹೆಸರು ಇನಿಷಿಯಲ್ ಸಮೇತ. ಎಲ್ಲ ಎಣ್ಣೆಬಣ್ಣದಲ್ಲಿ, ಅದರ ಮೇಲೆ ಮಳೆಗೂ ಹೋಗದಂತೆ ಒಂದು ಕೈ ವಾರ್ನಿಷ್. ಪಟ್ಟಿ ಮುಗಿದ ದಿನ ಮಗಳು ಕಚೇರಿಗೆ ಹೋಗುವ ದಾರಿಯಲ್ಲಿ ಅದನ್ನು ಓದಿ, ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದಳು.

"ಪಕ್ಕದ ಮೇಜಿನೋರು ನನ್ನ ಮುಖ ನೋಡಿ ನಗ್ತಾರೆ ಅಮ್ಮ. ಹೆತ್ತ ತಾಯೀನೇ ಹೀಗೆ ಮಾಡ್ತಾಳಾ?"

"ಅವರ ಹೆಸರೂ ಇದೆಯಲ್ಲೇ ಅಲ್ಲಿ?"

"ಇದೆ. ಆದ್ರೆ ಅವರಮ್ಮ ಬರೆದಿಲ್ಲ."

ಕೆಲವು ದಿನ ಮನೆಯಲ್ಲಿ ಮಾತೆಲ್ಲ ಅಪ್ಪನ ಮೂಲಕವೇ ನಡೆಯಿತು. "ನಾನು ಅಂಚೆಯವನಾಗಿದ್ದೆ" ಎನ್ನುತ್ತಾರೆ ಗಂಡ. "ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಟಪಾಲು. ಉಪ್ಪು ಕಡಿಮೆ ಅಂತ ಹೇಳೋಕೂ ನಾನೇ." ಒಂದು ಸಂಜೆ ಮಗಳು ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದಳು. ತಾಯಿ ಬಣ್ಣದ ಡಬ್ಬಿಗಳನ್ನು ಜಗಲಿಗೆ ಸಾಗಿಸಿ ಓದಲು ಜಾಗ ಮಾಡಿಕೊಟ್ಟರು.

ಈಗ ಚುನಾವಣೆ ಗೋಡೆಗಳಿಗೆ ಬಣ್ಣದಕ್ಕನನ್ನು ಯಾರೂ ಕರೆಯುವುದಿಲ್ಲ. ಮಾವನ ಕಡೆಯವರು ಮಾತ್ರವಲ್ಲ, ಎದುರಿನ ಪಕ್ಷದವರೂ ಅಷ್ಟೇ. ನಾಳೆ ತಮ್ಮ ಹೆಸರೂ ಅದೇ ಖಾನೆಗೆ ಬರಬಹುದೆಂಬುದು ಅವರಿಗೂ ಗೊತ್ತು. ಬಿಸಿಲಿಗೆ ಮೊದಲು ಇಪ್ಪತ್ತು ಸಾಲು ಬರೆದರೆ ಅವತ್ತಿನ ಕೆಲಸವಾದಂತೆ. ನಗರಸಭೆಯ ಕೂಲಿ ಆಮೆಯ ಹಾಗೆ ಬರುತ್ತದೆ. ಮಧ್ಯಾಹ್ನದ ಮೇಲೆ ಲಾರಿ ನಿಲ್ದಾಣದಲ್ಲಿ ನಂಬರು ಬರೆಯುತ್ತಾರೆ. ಮೊಣಕಾಲು ಹಿಡಿಯುತ್ತದೆ, ಟರ್ಪೆಂಟೈನ್ ವಾಸನೆಗೆ ತಲೆ ಸಿಡಿಯುತ್ತದೆ. "ಲಾರಿಯೋರು ಒಳ್ಳೇವರು, ನಂಬರು ಯಾರದ್ದಾದ್ರೂ ಸಿಟ್ಟು ಮಾಡಿಕೊಳ್ಳಲ್ಲ" ಎಂದು ಅದನ್ನೂ ತಮಾಷೆಗೇ ತಿರುಗಿಸುತ್ತಾರೆ.

ಪರೀಕ್ಷೆ ಮುಗಿದಿದೆ. ಫಲಿತಾಂಶ ಈ ವಾರ ಬರಬೇಕು. ಇವತ್ತು ಗಂಡ ಹೆಂಡತಿ ದಾರ ಹೊಡೆಯುತ್ತಿರುವುದು ಆ ಹೊಸ ಪಟ್ಟಿಗೇ. ಗೋಡೆಯ ಈ ಅರ್ಧ ಇನ್ನೂ ಖಾಲಿಯಿದೆ. ಬರಲಿರುವ ಹೆಸರು ಯಾರ ಯಾರದೆಂದು ಗೊತ್ತಿಲ್ಲ. ಪರೀಕ್ಷೆ ಬರೆದು ಬಂದವರ ಮುಂದಿನ ಖಾನೆಯಲ್ಲಿ ಏನು ಬರುತ್ತದೆಂಬುದು ಮಾತ್ರ ಗೊತ್ತು. ಒಂದು ಅಡ್ಡಗೀಟು.

ಕಚೇರಿಗೆ ಹೊರಟ ಮಗಳು ಫ್ಲಾಸ್ಕಿನಲ್ಲಿ ಚಹಾ ತಂದಿದ್ದಾಳೆ. ಖಾಲಿ ಗೋಡೆಯನ್ನೊಮ್ಮೆ ನೋಡಿ, "ಗೆರೆ ನೆಟ್ಟಗಿದೆಯಾ ಅಪ್ಪಾ?" ಎನ್ನುತ್ತಾಳೆ. "ನಿಮ್ಮಮ್ಮನ್ನೇ ಕೇಳು, ನಾನು ಅಂಚೆ ಕೆಲಸ ಬಿಟ್ಟಿದೀನಿ" ಎನ್ನುತ್ತಾರೆ ಅಪ್ಪ. ಮಗಳು ನಗು ತಡೆದುಕೊಂಡು ಬಸ್ಸಿನ ಕಡೆ ನಡೆಯುತ್ತಾಳೆ.

ಬಿಸಿಲು ಔಷಧಿ ಅಂಗಡಿಯ ತಾರಸಿಗೆ ಬಂದಿದೆ. ಬಣ್ಣದಕ್ಕ ನೀಲಿಪುಡಿಯ ದಾರ ಸುತ್ತಿ ಬಟ್ಟೆಯಲ್ಲಿ ಕಟ್ಟುತ್ತಾರೆ. ಇಷ್ಟು ವರ್ಷದ ಕಸುಬಿನಲ್ಲಿ ಯಾವುದು ಕಷ್ಟ ಎಂದರೆ ಅಕ್ಷರವಲ್ಲ, ಗೀಟು ಎನ್ನುತ್ತಾರೆ. "ಅಕ್ಷರದಲ್ಲಿ ಕೈ ನಡುಗಿದ್ರೆ ಬಳುಕು ಅಂತಾರೆ. ಗೀಟಲ್ಲಿ ನಡುಗಿದ್ರೆ ನಡುಗಿದೆ ಅಂತಾನೇ ಗೊತ್ತಾಗುತ್ತೆ."

ಮಗಳು ಪಾಸಾಗದಿದ್ದರೆ ಎಂದು ಕೇಳಿದರೆ,

"ಇನ್ಯಾರದೋ ಮಗಳ ಹೆಸರು ಬರೀತೀನಿ. ಅದಕ್ಕೂ ಅದೇ ಬಣ್ಣ, ಅದೇ ನಾಲ್ಕು ಬೆರಳು." ಗೋಡೆಯ ಖಾಲಿ ಜಾಗ ನೋಡುತ್ತಾ ಹೇಳುತ್ತಾರೆ: "ಆದ್ರೂ ಆಸೆ ಒಂದಿದೆ. ಅವಳ ಹೆಸರಿನ ಮುಂದೆ ಒಂದು ಗೀಟು ಎಳೀಬೇಕು. ಒಂದೇ ಎಳೆತಕ್ಕೆ, ಕೈ ನಡುಗದ ಹಾಗೆ."