ಅಜ್ಜಿ ಕೇಳಿದ ಗಿಟಾರು

ಇವತ್ತು ಶಂಕರಪುರಂಗೆ ಹೋಗುವಾಗ ಆಟೋದಲ್ಲಿ ಹಳೆಯ ಇಂಗ್ಲಿಷ್ ರಾಕ್ ಹಾಡೊಂದು ಶುರುವಾಯಿತು. ಗಿಟಾರು ಒಮ್ಮೆ ಮಿಡಿದದ್ದೇ ತಡ, ನನ್ನ ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಂದಂತಾಯಿತು.

ನಮ್ಮಜ್ಜಿ ವೀಣೆ ಟೀಚರ್. ತಂತಿಯ ಮೇಲೆ ಜಾರಲೆಂದು ಬೆರಳಿಗೆ ಸದಾ ಎಣ್ಣೆ ಸವರಿಕೊಂಡಿರುತ್ತಿದ್ದರು. ಯಾರಾದರೂ ನುಡಿಸುತ್ತಿದ್ದರೆ ಆ ಮನೆಯಲ್ಲಿ ನೀರು ಕುಡಿಯುವುದಕ್ಕೂ ಏಳುವಂತಿರಲಿಲ್ಲ. ಚಿಕ್ಕಪ್ಪನ ಧೈರ್ಯ ನೋಡಿ, ಅಂಥ ಮನೆಯಲ್ಲಿ ಒಂದು ಮಧ್ಯಾಹ್ನ ಟೇಪ್ ರೆಕಾರ್ಡರಿನಲ್ಲಿ ಇದೇ ಹಾಡು ಹಾಕಿದ.

ಅಜ್ಜಿ ಅಡುಗೆಮನೆಯಿಂದ ಬೈಯಲೆಂದೇ ಬಂದರು. ಬಂದವರು ಹಾಗೇ ನೆಲದ ಮೇಲೆ ಕೂತುಬಿಟ್ಟರು. ಹಾಡಿನ ಮಾತು ಅವರಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಮಾತು ನಿಂತು ಗಿಟಾರು ಮಾತ್ರ ಉಳಿದಾಗ, ಅವರ ಎಡಗೈ ಬೆರಳುಗಳು ಮಡಿಲಲ್ಲಿ ಇಲ್ಲದ ತಂತಿಯನ್ನು ಎಳೆಯತೊಡಗಿದವು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ.

ಕೊನೆಗೆ ದನಿ ಮೆಲ್ಲಗೆ ಕರಗತೊಡಗಿತು. ಅಜ್ಜಿ ಚಿಕ್ಕಪ್ಪನ ಮೇಲೆ ಸಿಡಿದರು.

"ಯಾಕೋ ಸೌಂಡ್ ಕಮ್ಮಿ ಮಾಡ್ದೆ? ಅವನಿನ್ನೂ ನುಡಿಸ್ತಿದಾನೆ!"

"ನಾನೇನೂ ಮುಟ್ಟಿಲ್ಲಮ್ಮ. ಈ ಹಾಡು ಮುಗಿಯೋದೇ ಹೀಗೆ."

ಅಜ್ಜಿ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದರು. ಆಮೇಲೆ, ನುಡಿಸುವವನಿಗೆ ತೊಂದರೆಯಾಗಬಾರದು ಎಂಬಂತೆ ಪಿಸುಗುಟ್ಟಿದರು: "ಮುಗಿದಿಲ್ಲ ಕಣೋ. ನಮಗೆ ಕೇಳಿಸ್ತಿಲ್ಲ, ಅಷ್ಟೆ."

ಆಟೋ ನಿಂತಿತ್ತು. ಗಿಟಾರು ಸಣ್ಣಗಾಗುತ್ತಿತ್ತು.

"ಇಳ್ಕೊಳ್ಳಿ ಮೇಡಂ, ನಿಮ್ ಜಾಗ ಬಂತು," ಎಂದ ಡ್ರೈವರ್.

"ಒಂದ್ನಿಮಿಷ ಇರಪ್ಪ," ಎಂದೆ. "ಅವನಿನ್ನೂ ನುಡಿಸ್ತಿದಾನೆ."