ಬಾಪ್ಪು ಹೇಳಿದ ‘ನನ್ನವ’

ಬಹ್ರೇನಿನ ಅದ್ಲಿಯಾದ ಒಂದು ಹೋಟೆಲಿನಲ್ಲಿ ಈಚೆಗೆ ಮೊಮ್ಮಗಳ ಹುಟ್ಟುಹಬ್ಬ ಮಾಡಿದೆವು. ಅವಳು ಕೇಕಿನ ಮೇಲಿನ ಮೇಣದಬತ್ತಿಗಳನ್ನು ಊದಿ ಆರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮೂಗಿಗೆ ಮಾತ್ರ ಸುಟ್ಟ ಬತ್ತಿಯ ವಾಸನೆ ಹೊಡೆಯಿತು. ಕೇಕಿನ ತುಂಡು ಹಿಡಿದುಕೊಂಡು ಸುಮ್ಮನೆ ಕೂತೆ. ಬಾಪ್ಪು ನೆನಪಾದರು...

ಮಂಗಳೂರಿನ ಕ್ರೈಸ್ತರಾದ ನಾವು ಮನೆಯಲ್ಲಿ ಆಡುವುದು ಕೊಂಕಣಿ. ಚಿಕ್ಕಪ್ಪನ ವಯಸ್ಸಿನ ಗಂಡಸರನ್ನು ಬಾಪ್ಪು ಎನ್ನುತ್ತೇವೆ, ಅವರು ನಮ್ಮನ್ನು ಬಾಯೆ ಎನ್ನುತ್ತಾರೆ. ಈ ಬಾಪ್ಪು ಅದ್ಲಿಯಾದಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಹಿದ್ ಎಂಬ ಊರಿನ ಒಂದು ಸರಕು ಕಂಪನಿಯಲ್ಲಿ ಸುರಕ್ಷತೆಯ ಕೆಲಸ. ಅದಕ್ಕೂ ಮೊದಲು, ಹರೆಯದಲ್ಲಿ, ವಾಯುಪಡೆಯಲ್ಲಿ ರಾತ್ರಿ ಹೊತ್ತು ಹಾರುವ ಯುದ್ಧವಿಮಾನದ ಪೈಲಟ್ ಆಗಿದ್ದರಂತೆ.

‘ಅಂತೆ’ ಎಂದು ಬೇಕೆಂದೇ ಬರೆದೆ. ಸಂಶಯ ನನ್ನ ಹುಟ್ಟುಗುಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಒಮ್ಮೆ ಹೇಳಿದ್ದನ್ನು ನಾನು ಜೀವನವಿಡೀ ಪಾಲಿಸಿಕೊಂಡು ಬಂದವಳು. ಪೈಲಟ್ ಆಗಿದ್ದವರ ಮನೆಯಲ್ಲಿ ಗೋಡೆಗೊಂದು ವಿಮಾನದ ಪಟವಾದರೂ ಬೇಡವೆ? ಯೂನಿಫಾರ್ಮ್ ಹಾಕಿದ ಫೋಟೋ? ಒಂದೂ ಇರಲಿಲ್ಲ. ಯುದ್ಧದ ಸುದ್ದಿ ಬಂದರೆ ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಿದ್ದರು. ಅಡುಗೆಯವರಾಗಿ ಇದ್ದಿರಬೇಕು ಎಂದು ನಾನು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದೆ.

ಭಕ್ತಿಯಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಬಹ್ರೇನಿನಲ್ಲಿ ಶುಕ್ರವಾರ ರಜೆ, ವಾರದ ಪೂಜೆಯೂ ಅಂದೇ. ಚರ್ಚಿನಿಂದ ಹೊರಬಿದ್ದ ಕೂಡಲೇ ನಮ್ಮವರೆಲ್ಲ ಬಿರಿಯಾನಿಯ ದಾರಿ ಹಿಡಿಯುತ್ತಿದ್ದರು. ಬಾಪ್ಪು ಮಾತ್ರ ಏಸುಸ್ವಾಮಿ ಪ್ರಾಣಬಿಟ್ಟ ದಿನವೆಂದು ಗಂಜಿ, ಚಟ್ನಿ. ಸಂಜೆಯ ಜಪಸರಕ್ಕೆ ಅವರ ಹೆಂಡತಿ ದೇವರಪಟದ ಮುಂದೆ ಮೇಣದಬತ್ತಿ ಹಚ್ಚಿದರೆ, ಪ್ರಾರ್ಥನೆ ಶುರುವಾಗುವ ಮೊದಲೇ ಇವರು ಅದನ್ನು ಎರಡು ಬೆರಳಲ್ಲಿ ಹಿಸುಕಿ ಆರಿಸುತ್ತಿದ್ದರು. ಪರದೆಯನ್ನೂ ಎಳೆಯುತ್ತಿದ್ದರು. ಕತ್ತಲಲ್ಲಿ ಕೂತು ಜಪ ಮಾಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಇದೆಂತ ಬಾಪ್ಪು, ದೇವರಿಗೂ ಕತ್ತಲೆಯಾ?” ಎಂದು ಕೇಳಿದ್ದೆ.

“ಬೆಳಕು ನೋಡಿದ್ರೆ ಮತ್ತೆ ಕತ್ತಲಲ್ಲಿ ಕಣ್ಣು ಕಾಣುದಿಲ್ಲ ಬಾಯೆ. ಹಳೇ ಅಭ್ಯಾಸ,” ಎಂದು ನಕ್ಕಿದ್ದರು.

ಆಗಲೂ ಈಗಲೂ ಚರ್ಚಿನ ಕೊಂಕಣಿ ಬಲಿಪೂಜೆಯಲ್ಲಿ, ಯಾರ ಆತ್ಮಶಾಂತಿಗಾಗಿ ಅಂದಿನ ಪೂಜೆಯೆಂದು ಗಟ್ಟಿಯಾಗಿ ಹೇಳುವ ಕೆಲಸ ನನ್ನದು. ತೀರಿಹೋದ ಅಪ್ಪನಿಗೆ, ಅಜ್ಜಿಗೆ ಎಂದು ಮನೆಯವರು ಬಂದು ಹೆಸರು ಹೇಳುತ್ತಿದ್ದರು. ಬಾಪ್ಪು ಪ್ರತಿ ಡಿಸೆಂಬರಿನಲ್ಲಿ ಬಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಒಂದೇ ಮಾತು: “ನನ್ನವನೊಬ್ಬನಿಗೆ.”

ಕೊಂಕಣಿಯಲ್ಲಿ ‘ಮ್ಹಜೊ’. ತಾಯಿ ಮಗನನ್ನು ಹಾಗೆನ್ನುತ್ತಾಳೆ, ಹೆಂಡತಿ ಗಂಡನನ್ನು ಹಾಗೆನ್ನುತ್ತಾಳೆ. ಹೊರಗಿನವರಿಗೆ ಯಾರೂ ಆ ಮಾತು ಬಳಸುವುದಿಲ್ಲ. ಹೆಸರು ಕೇಳಿದರೆ, “ದೇವರಿಗೆ ಗೊತ್ತುಂಟು,” ಎಂದು ಮುಂದಿನ ಬೆಂಚಿಗೆ ಹೋಗಿ ಮೊಣಕಾಲೂರುತ್ತಿದ್ದರು. ನಾನು ಹಾಗೆಯೇ ಹೇಳಿಬಿಡುತ್ತಿದ್ದೆ. ಬೆಂಚುಗಳಲ್ಲಿ ಗುಸುಗುಸು ಏಳುತ್ತಿತ್ತು. ಬೆಂಕಿಯಿಲ್ಲದೆ ಹೊಗೆಯೆ? ಉತ್ತರದ ಯಾವುದೋ ಊರಲ್ಲಿ ನೌಕರಿಯಲ್ಲಿದ್ದಾಗ ಒಂದು ಸಂಸಾರ ಇದ್ದಿರಬೇಕು, ಅಲ್ಲೊಂದು ಮಗು ಹುಟ್ಟಿ ಸತ್ತಿರಬೇಕು ಎಂಬಲ್ಲಿಗೆ ಕಥೆ ಬೆಳೆದಿತ್ತು. ಬೆಳೆಸಿದವರಲ್ಲಿ ನಾನೂ ಒಬ್ಬಳು.

ಆದರೆ ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ, ನಾವು ಆಂಟಿ ಎಂದು ಕರೆಯುತ್ತಿದ್ದವರು, ಮಕ್ಕಳಿಗಾಗಿ ಹರಕೆ ಹೊರದ ಚರ್ಚಿರಲಿಲ್ಲ. ಒಂದು ದಿನ ನನ್ನ ಅಡುಗೆಮನೆಗೆ ಬಂದು, ಬಸಳೆ ಸೋಸುತ್ತಾ, ತಲೆಯೆತ್ತದೆ ಹೇಳಿದರು: “ಟೀಚರ್, ಅವರಿಗೆ ಹೊರಗೆ ಮಗ ಇದ್ದ. ನಂಗೆ ಗೊತ್ತುಂಟು. ನೀನೇ ಒಂದು ಸಲ ಕೇಳು. ನಂಗೆ ಬಾಯಿ ಬರುದಿಲ್ಲ.”

ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದುದರಿಂದ ನಾನು ಎಲ್ಲರಿಗೂ ಟೀಚರ್. ಅಷ್ಟು ದಿನ ನನಗೆ ರುಚಿಯಾಗಿದ್ದ ಕಥೆ ಆ ಹೊತ್ತು ಕಹಿಯಾಯಿತು. ಕುತೂಹಲವೂ ಹೋಗಲಿಲ್ಲ, ಸುಳ್ಳೇಕೆ ಹೇಳಲಿ.

ಆ ಡಿಸೆಂಬರಿನ ಪೂಜೆ ಮುಗಿಸಿ ಬಾಪ್ಪುವಿನ ಕಾರಿನಲ್ಲೇ ಮನೆಗೆ ಬಂದೆವು. ಆಂಟಿ ಮುಂದೆ, ನಾನು ಹಿಂದೆ. ಕಟ್ಟಡದ ನೆರಳಿನಲ್ಲಿ ಕಾರು ನಿಂತಿತು. ಯಾರೂ ಇಳಿಯುವ ಮೊದಲೇ ಕೇಳಿಬಿಟ್ಟೆ: “ಬಾಪ್ಪು, ‘ನನ್ನವ’ ಅಂತ ಹೇಳ್ತೀರಲ್ಲ, ಯಾರವ?”

ಆಂಟಿ ಕಿಟಕಿಯಾಚೆ ನೋಡುತ್ತಿದ್ದರು. ಬಾಪ್ಪು ಸ್ಟಿಯರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ.

“ರಾತ್ರಿ ಮೇಲೆ ಹೋದ್ರೆ ನಮಗೆಂತದೂ ಕಾಣುದಿಲ್ಲ ಬಾಯೆ. ಕೆಳಗೆ ರಾಡಾರ್ ನೋಡುವವ ಕಿವಿಯಲ್ಲಿ ದಾರಿ ಹೇಳ್ತಾನೆ. ಎಡಕ್ಕೆ ಹೋಗು, ಕೆಳಗೆ ಬಾ ಅಂತ. ಕೊನೆಗೆ ಶತ್ರು ವಿಮಾನದ ಹತ್ತಿರ ಮುಟ್ಟಿದಾಗ ಹೇಳ್ತಾನೆ, ‘ಅವ ನಿನ್ನವ’ ಅಂತ. ಅಂದ್ರೆ ಬೇರೆ ಯಾರೂ ಅವನ ಹತ್ತಿರ ಹೋಗುದಿಲ್ಲ. ನನಗೆ ಬಿಟ್ಟದ್ದು.”

“ಮತ್ತೆ?”

“ಮತ್ತೆಂತ, ಹೊಡೆದೆ. ಬೆಂಕಿ. ಪ್ಯಾರಾಚೂಟ್ ಬಿಚ್ಚಿದ್ದು ಕಾಣಲಿಲ್ಲ. ಹೆಸರು ನಂಗೆ ಯಾರು ಹೇಳ್ಬೇಕು?” ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. “ಪಾಪನಿವೇದನೆ ಮಾಡಿದೆ. ಯುದ್ಧದಲ್ಲಿ ಅದು ನಿನ್ನ ಪಾಪ ಅಲ್ಲ ಅಂದ್ರು ಫಾದರ್. ಆಯ್ತು. ಪಾಪ ನನ್ನದಲ್ಲ. ಅವ ಆದ್ರೂ ನನ್ನವ ಅಲ್ವಾ?”

ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು: “ನಾನು ಮಗ ಅಂತ ಎಣಿಸಿದ್ದೆ. ಇಷ್ಟು ವರ್ಷ.”

ಬಾಪ್ಪು ಬೆಚ್ಚಿಬಿದ್ದು ಅವರತ್ತ ತಿರುಗಿದರು. “ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ?”

“ಕೇಳಿ, ನೀವು ಹೌದು ಅಂದಿದ್ರೆ?”

ಅಷ್ಟೇ. ಮೂವರೂ ಇಳಿದೆವು.

ಸಮಾಧಾನವಾಗಬೇಕಿತ್ತು ತಾನೆ? ನನಗಾಗಲಿಲ್ಲ. ಬಾಪ್ಪುವಿನ ಮಾತು ಎಲ್ಲೂ ತಡವರಿಸದೆ ಬಂದಿತ್ತು, ನನಗೆ ಹಿಡಿಸದಿದ್ದುದೇ ಅದು. ಇಷ್ಟು ವರ್ಷ ಬಾಯಿಬಿಡದವರು ಒಂದೇ ಪ್ರಶ್ನೆಗೆ ಹೀಗೆ ಹೇಳಿಬಿಡುತ್ತಾರೆಯೆ? ಹೆಂಡತಿಯ ಅನುಮಾನ ಮೊದಲೇ ಗೊತ್ತಿದ್ದು, ಉತ್ತರ ಹೊಂದಿಸಿಟ್ಟುಕೊಂಡಿದ್ದರೆ? ಕಾರಿನಲ್ಲಿ ಬಾಪ್ಪುವಿನ ಕಣ್ಣು ತುಂಬಿದ್ದನ್ನು ಕನ್ನಡಿಯಲ್ಲಿ ನೋಡಿದ್ದೆ. ಮಗನನ್ನು ನೆನೆದರೂ ಕಣ್ಣು ತುಂಬುತ್ತದೆ... ಆಂಟಿಯೂ ನಂಬಿದಂತೆ ಕಾಣಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ನಾನು ಆ ಮಾತು ಹೇಳಿದಾಗ ಅವರು ಗಂಡನ ಮುಖವನ್ನೇ ನೋಡುತ್ತಿದ್ದರು.

ನಿವೃತ್ತರಾಗಿ ಇಬ್ಬರೂ ಮಂಗಳೂರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಬಾಪ್ಪು ನನ್ನ ತಲೆಯ ಮೇಲೆ ಕೈಯಿಟ್ಟು, “ನಿನ್ನ ಸಂಶಯ ಬಿಡ್ಬೇಡ ಬಾಯೆ, ಒಳ್ಳೇದದು,” ಎಂದರು. ತಮಾಷೆಯೋ, ಒಪ್ಪಿಗೆಯೋ, ಈಗಲೂ ತಿಳಿದಿಲ್ಲ. ಈ ವರ್ಷದ ಮಳೆಗಾಲದಲ್ಲಿ ಅವರು ತೀರಿಹೋದರು. ಸುದ್ದಿ ಕೇಳಿ ನಾನು ಅತ್ತೆ. ಅಷ್ಟು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಇನ್ನು ಕೇಳುವುದಕ್ಕೆ ಅವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರೇ ಇಲ್ಲ.

ಹೋದ ವಾರ ಆಂಟಿ ಫೋನ್ ಮಾಡಿದರು. “ಡಿಸೆಂಬರ್ ಬಂತಲ್ಲ ಟೀಚರ್. ಅಲ್ಲಿ ಪೂಜೆ ಇಡಿಸ್ಬೇಕು. ಅವರಿಗೆ ಒಂದು, ಆ ಹುಡುಗನಿಗೆ ಒಂದು.”

ಹುಡುಗ! ನನ್ನ ಹುಟ್ಟುಗುಣ ಎಲ್ಲಿ ಹೋದೀತು. “ಯಾವ ಹುಡುಗ ಆಂಟಿ? ಬಾಪ್ಪು ಹೇಳಿದ್ದನ್ನ ನೀವು ನಂಬಿದಿರಾ?” ಎಂದು ಕೇಳಿಯೇಬಿಟ್ಟೆ.

ಆಂಟಿ ಹೇಳಿದರು: “ಯಾರಾದ್ರೆಂತ, ಸತ್ತವ ಅಲ್ವಾ. ಅಳ್ಲಿಕ್ಕೆ ಇವರೊಬ್ಬರೇ ಇದ್ದದ್ದು. ಈಗ ನಾನುಂಟು. ‘ನಮ್ಮವ’ ಅಂತ ಹೇಳು.”

ನಿನ್ನೆ ಶುಕ್ರವಾರ ಹಾಗೆಯೇ ಹೇಳಿದೆ. ಮೊದಲು ಬಾಪ್ಪುವಿನ ಹೆಸರು, ಆಮೇಲೆ ‘ನಮ್ಮವನೊಬ್ಬನಿಗೆ’. ಪೂಜೆ ಮುಗಿದು ಹೊರಗೆ ಬರುವಾಗ ಹೊಸದಾಗಿ ಬಂದ ಒಬ್ಬ ಹೆಂಗಸು ನನ್ನ ತೋಳು ಹಿಡಿದು ನಿಲ್ಲಿಸಿ, ಮೆಲ್ಲಗೆ ಕೇಳಿದಳು: “ಟೀಚರ್, ನಿಮ್ಮವ ಅಂದ್ರೆ ಯಾರು?”

ಅವನಿಗಾಗಿ ಅಳುವುದಕ್ಕೆ ಈಗ ಆಂಟಿಯಿದ್ದಾರಲ್ಲ. “ಮಗ,” ಎಂದೆ.