ಮಾವನ ಬೂಟು, ನನ್ನ ಸರ್ಟಿಫಿಕೇಟು

ಕಂಪ್ಯೂಟರು ಕಬ್ಬಿಣ ಕಡಿಯುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ ಜವರಪ್ಪ. ಅದನ್ನು ನಾನು ಓಡಿಸುವುದಂತೂ ಏಳು ಜನ್ಮಕ್ಕೂ ಇಲ್ಲ ಎಂದವನೂ ಅವನೇ. ಹಾಸನದ ಒಂದು ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲೇತ್ ತಿರುಗಿಸಿದವನ ಮಾತು, ತಳ್ಳಿಹಾಕುವುದು ಸುಲಭವಲ್ಲ. ಆದರೆ ನಾನು ಕೊಣನೂರಿನ ಬಸ್ಸಿನ ಕಂಬಿಗೆ ಜೋತುಬಿದ್ದು ಬಿ.ಎಸ್ಸಿ. ಪಾಸಾದವನು, ನಮ್ಮ ವಂಶದಲ್ಲಿ ಹೆಸರಿನ ಮುಂದೆ ಚುಕ್ಕಿ ಇಟ್ಟುಕೊಂಡ ಮೊದಲನೆಯ ಪ್ರಾಣಿ. ತಳ್ಳಿಹಾಕಿದೆ.

ಇಂದಿಗೂ ಕಂಪ್ಯೂಟರ್ ಕಂಡರೆ ನನ್ನ ಎಡಗಾಲು ತಾನಾಗಿಯೇ ಚಪ್ಪಲಿ ಬಿಡಲು ಹವಣಿಸುತ್ತದೆ. ತೊಂಬತ್ತರ ದಶಕದ ಆ ಶಿಷ್ಟಾಚಾರ ನಿಮಗೂ ನೆನಪಿರಬೇಕು. ಅರಕಲಗೂಡಿನಲ್ಲಿ ನಾನು ಕಂಪ್ಯೂಟರ್ ಕಲಿತ ಮಹಡಿಯ ಮೇಲೆ ಯಂತ್ರಗಳು ಮೂರು, ಮೆಟ್ಟಿಲ ಮೇಲೆ ಚಪ್ಪಲಿ ಮೂವತ್ತು ಜೊತೆ. ವೈರಸ್ಸು ಅಂಗಾಲಿನಿಂದ ಹತ್ತುತ್ತದೆಂದು ನಾವು ಪ್ರಾಮಾಣಿಕವಾಗಿ ನಂಬಿದ್ದೆವು. ಭಯಕ್ಕೆ ಭಕ್ತಿಯೆಂದು ಹೆಸರಿಟ್ಟರೆ ಕಾಲು ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ ನೋಡಿ.

ಹೀಗಾಗಿ ಮಾವನ ಶೆಡ್ಡಿಗೆ ಸಿಎನ್‌ಸಿ ಎಂಬ ಕಂಪ್ಯೂಟರ್ ಲೇತು ಬಂದು, ಅದನ್ನು ಓಡಿಸಲು ನಾನು ಕೆಲಸಕ್ಕೆ ಸೇರಿದಾಗ, ಚನ್ನರಾಯಪಟ್ಟಣದವರಾದ ನಮ್ಮ ಓನರು ಅದರ ಸುತ್ತ ಗಾಜಿನ ಗರ್ಭಗುಡಿ ಕಟ್ಟಿಸಿ, 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಬೋರ್ಡು ತೂಗುಹಾಕಿದರು. ಆ ದೇವರು ಉದುರಿಸುತ್ತಿದ್ದುದು ಮಾತ್ರ ಹೂವಲ್ಲ, ಬ್ಲೇಡಿನಂಥ ಕಬ್ಬಿಣದ ಸುರುಳಿ. ಅಂಗಾಲಿಗೆ ಪಟ್ಟಿ ಕಟ್ಟಿಕೊಂಡು ಮೂರು ತಿಂಗಳು ನಾನು ಅಲ್ಲಿ ಮಾಡಿದ್ದು ಅರ್ಧ ಕೆಲಸ, ಅರ್ಧ ನಾಟ್ಯ. ಮಾವ ಹೊಸಿಲು ದಾಟಲೇ ಇಲ್ಲ.

"ಬೂಟ್ ಬಿಚ್ಚಿ ಕಬ್ಣ ಮುಟ್ಟಕಾಯ್ತದೇನ್ಲಾ? ಇದೇನು ಮಿಶಿನ್ನೋ, ಮಠವೋ?"

ಮಿಶಿನ್ ಮಾರಿದ ಕಂಪನಿಯ ಎಂಜಿನಿಯರು ಬಂದಾಗ, ಅವರ ಕಣ್ಣೆದುರಿಗೆ ನಾನೊಂದು ಪಂಪ್‌ಸೆಟ್ಟಿನ ಶಾಫ್ಟು ಸರಿಯಾಗಿ ಕಡೆದು ತೆಗೆದರೆ ಸರ್ಟಿಫಿಕೇಟು. ಸರ್ಟಿಫಿಕೇಟು ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಓನರು ಮೊದಲೇ ಹೇಳಿದ್ದರು.

ಎಂಜಿನಿಯರು ಬಂದವರೇ ಬೂಟುಗಾಲಿನಲ್ಲಿ ನೆಟ್ಟಗೆ ಗರ್ಭಗುಡಿಗೆ ನುಗ್ಗಿದರು. ಓನರು ಗಲ್ಲ ಬಡಿದುಕೊಳ್ಳುವುದೊಂದು ಬಾಕಿ. ಎಂಜಿನಿಯರ ದೃಷ್ಟಿ ನನ್ನ ಪಾದಕಮಲಗಳ ಮೇಲೆ ಬಿತ್ತು.

"ಶೂ ಎಲ್ಲಿ?"

"ಹವಾಯಿ ಚಪ್ಪಲಿ ಸಾ. ಹೊರಗೆ ಬಿಟ್ಟಿದೀನಿ."

"ಬರಿಗಾಲಲ್ಲಿ ಮಿಶಿನ್ ಮುಟ್ಟೋರಿಗೆ ನಾನು ಸರ್ಟಿಫಿಕೇಟ್ ಕೊಡಲ್ಲ. ಒಂದು ಗಂಟೆಗೆ ನನಗೆ ಬಸ್ಸಿದೆ."

ಆಗಲೇ ಹನ್ನೆರಡೂವರೆ. ಮೂರು ತಿಂಗಳ ವಿನಯವೇ ನನ್ನ ಅಪರಾಧವಾಗಿತ್ತು. ಎಂಜಿನಿಯರದ್ದು ಬಿಟ್ಟರೆ ಇಡೀ ಶೆಡ್ಡಿನಲ್ಲಿ ಬೂಟು ಇದ್ದುದು ಒಂದೇ ಜೊತೆ. ಅದು ಇದ್ದುದು ಇದೆಲ್ಲ ಆಗುವುದೇ ಇಲ್ಲ ಎಂದವನ ಕಾಲಿನಲ್ಲಿ.

ಮಾವ ಬಗ್ಗಿ ಲೇಸು ಬಿಚ್ಚಿದ.

"ತಗ, ಆಕ್ಕ. ಬಿಗಿಯಾಗ್ ಕಟ್ಲಾ, ಎಡವಿ ಬಿದ್ರೆ ನನ್ ಮರ್ವಾದೆ ಓಯ್ತದೆ."

ನನ್ನದು ಆರು, ಅವನದು ಹತ್ತು. ಪಾದ ಒಂದು ಕಡೆ, ಬೂಟು ಒಂದು ಕಡೆ ನಡೆಯುತ್ತಿದ್ದವು. ಹೇಗೋ ಮಿಶಿನ್ ತಲುಪಿ, ಹಸಿರು ಗುಂಡಿ ಒತ್ತಿದೆ. ಶಾಫ್ಟು ಬಂತು. ಎಂಜಿನಿಯರು ಅಳೆದು ತಲೆಯಾಡಿಸಿದರು. ಆಮೇಲೆ ನಮ್ಮ ಜವರಪ್ಪ ಮಾವ, ಬೋರ್ಡಿನ ಅಪ್ಪಣೆಯನ್ನು ಅಕ್ಷರಶಃ ಪಾಲಿಸುತ್ತ, ಬರಿಗಾಲಿನಲ್ಲಿ ಮೊದಲ ಸಲ ಒಳಗೆ ಬಂದ. ಜೇಬಿನಿಂದ ತನ್ನದೇ ಮೈಕ್ರೋಮೀಟರ್ ತೆಗೆದು ಮೂರು ಸಲ ಅಳೆದ. ನಂಬಿಕೆ ಬರದೆ ಹೆಬ್ಬೆರಳ ಉಗುರನ್ನು ಉದ್ದಕ್ಕೂ ಎಳೆದ. ಉಗುರು ಎಲ್ಲಿಯೂ ತೊಡರಲಿಲ್ಲ. ಶಾಫ್ಟನ್ನು ಒರೆಸಿ, ಮೆಲ್ಲಗೆ ಕೆಳಗಿಟ್ಟ.

ಎಂಜಿನಿಯರು ನನ್ನ ಕೈಗೆ ಸರ್ಟಿಫಿಕೇಟು ಕೊಟ್ಟರು. ಏನಾದರೂ ಹೇಳಿಯಾನೆಂದು ನಾನು ಮಾವನ ಮುಖ ನೋಡಿದೆ. ಅವನು ಒಂಟಿಗಾಲಿನಲ್ಲಿ ನಿಂತಿದ್ದ.

"ಸರ್ಟಿಫಿಕೇಟ್ ನೀನೇ ಇಟ್ಕಳ್ಲಾ," ಅಂದ. "ಬೂಟ್ ಬಿಚ್ಚು. ಚುಚ್ತಾ ಐತೆ."